ಡೋರ್ಟ್ ಧರ್ಮಸಭೆಯೂ ದೈವನಿಯತಿವಾದವೂ: ಶಾಸ್ತ್ರಾರ್ಥನಿರ್ಣಯದ ಒಂದು ವಿವಾದ

೧. ಪ್ರಸ್ತಾವನೆ

ಕ್ರಿ. ಶ. ೧೬೧೮ನೆಯ ಇಸವಿ ನವೆಂಬರ್ ೧೩ನೆಯ ತಾರೀಖು ಹಾಲೆಂಡಿನ ಡೋರ್ಡ್ರೆಕ್ಟ್ ಪಟ್ಟಣದಲ್ಲಿ ಒಂದು ಮಹಾಧರ್ಮಸಭೆ ನೆರೆಯಿತು. ಇಂಗ್ಲಿಷ್ ಗ್ರಂಥಕಾರರು ಈ ಊರನ್ನು ಡೋರ್ಟ್ ಎಂದು ಕರೆಯುವ ವಾಡಿಕೆಯಿರುವುದರಿಂದ ಸಭೆಗೂ ಆ ಹೆಸರೇ ನಿಂತಿದೆ. ಡಚ್ಚರ ಪ್ರಾಂತಗಳ ಪಾದ್ರಿಗಳು, ಸಭಾಹಿರಿಯರು, ವಿದ್ಯಾಪೀಠಗಳ ಪ್ರಾಧ್ಯಾಪಕರು, ಇವರಲ್ಲದೆ ಬ್ರಿಟನ್, ಸ್ವಿಟ್ಜರ್ಲೆಂಡ್, ಜಿನೀವಾ, ಪ್ಯಾಲಟಿನೇಟ್, ಹೆಸ್ಸೆ, ಬ್ರೆಮೆನ್ ಮೊದಲಾದ ಕಡೆಗಳ ವಿದ್ವಾಂಸರೂ ಅಲ್ಲಿ ಕೂಡಿ ಮರುವರ್ಷ ಮೇ ೯ನೆಯ ತಾರೀಖಿನವರೆಗೆ ೧೫೪ ಅಧಿವೇಶನಗಳನ್ನು ನಡೆಯಿಸಿದರು. ಫ್ರಾನ್ಸಿನ ಸುಧಾರಿತ ಸಭೆಯವರಿಗೂ ಕರೆ ಹೋಗಿದ್ದಿತು. ಆದರೆ ಹದಿಮೂರನೆಯ ಲೂಯಿ ದೊರೆ ತನ್ನ ಪ್ರಜೆಗಳು ಹೋಗಕೂಡದೆಂದು ತಡೆದುದರಿಂದ ಅವರಿಗಾಗಿ ಇರಿಸಿದ್ದ ಪೀಠ ಬರಿದಾಗಿಯೇ ಉಳಿಯಿತು. ಸಭೆಯ ಮುಂದಿದ್ದ ಮುಖ್ಯ ಪ್ರಶ್ನೆ ಇದು: ಮನುಷ್ಯರಲ್ಲಿ ಯಾರು ಮುಕ್ತಿಯನ್ನು ಹೊಂದತಕ್ಕವರು, ಯಾರು ಹೊಂದಲಾರದವರು ಎಂಬುದನ್ನು ದೇವರು ಲೋಕಸೃಷ್ಟಿಗೆ ಮೊದಲೇ ನಿಶ್ಚಯಿಸಿರುವನೇ? ನಿಶ್ಚಯಿಸಿದ್ದರೆ ಯಾವ ಆಧಾರದಿಂದ?

ಪರದೇಶದ ಪ್ರತಿನಿಧಿಗಳು ಬೀಳ್ಕೊಂಡ ನಾಲ್ಕನೆಯ ದಿನ, ಎಂದರೆ ೧೬೧೯ನೆಯ ಮೇ ೧೩ರಲ್ಲಿ, ಡಚ್ ರಾಜ್ಯದ ಹಿರಿಯ ಮುತ್ಸದ್ದಿಯಾದ ಓಲ್ಡನ್‌ಬಾರ್ನೆವೆಲ್ಟನನ್ನು ಹೇಗ್ ನಗರದಲ್ಲಿ ಶಿರಚ್ಛೇದಮಾಡಿ ಕೊಂದರು. ಅವನಿಗೆ ಆಗ ೭೧ ವಯಸ್ಸು. ಪತ್ರಿಕೆಯೊಂದರ ಒಂದು ಅಧ್ಯಾಯದ ಅರ್ಥವೇನೆಂಬ ಚರ್ಚೆ ಒಂದು ವಿದ್ಯಾಪೀಠದ ಗೋಡೆಯೊಳಗೆ ಹುಟ್ಟಿ, ಹದಿನೈದು ವರ್ಷಗಳಲ್ಲಿ ವಧಸ್ಥಾನದವರೆಗೆ ಬಂದುದು ಹೇಗೆ? ಈ ಲೇಖನದಲ್ಲಿ ವಿಚಾರಿಸಹೊರಟಿರುವುದು ಇದನ್ನೇ. ಈ ವಿವಾದವನ್ನು ಸಾಮಾನ್ಯವಾಗಿ ದೈವಸಂಕಲ್ಪಕ್ಕೂ ಮನುಷ್ಯಸ್ವಾತಂತ್ರ್ಯಕ್ಕೂ ನಡೆದ ವ್ಯಾಜ್ಯವೆಂದು ವರ್ಣಿಸುವುದುಂಟು. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಉಭಯಪಕ್ಷದವರೂ ಒಂದೇ ಶಾಸ್ತ್ರವನ್ನು ಪರಮಪ್ರಮಾಣವೆಂದು ಒಪ್ಪಿದವರು. ಶಾಸ್ತ್ರ ಒಂದೇ ಆಗಿರುವಾಗ ಅದರ ಅರ್ಥವನ್ನು ನಿರ್ಣಯಿಸತಕ್ಕವರು ಯಾರು ಎಂಬುದೇ ಅವರನ್ನು ಕೊನೆಗೆ ಒಡೆಯಿತೆಂದು ತೋರಿಸುವುದು ನಮ್ಮ ಉದ್ದೇಶ.

೨. ವಾದದ ಪೂರ್ವಚರಿತ್ರೆ

ದೇವರು ಕೆಲವರನ್ನು ಆರಿಸಿಕೊಳ್ಳುವುದನ್ನು ಇಲ್ಲಿ 'ವರಣ'ವೆಂದೂ, ಉಳಿದವರನ್ನು ಬಿಟ್ಟುಬಿಡುವುದನ್ನು 'ತಿರಸ್ಕಾರ'ವೆಂದೂ, ಇವೆರಡನ್ನೂ ಒಳಗೊಂಡ ಪೂರ್ವಸಂಕಲ್ಪವನ್ನು 'ದೈವನಿಯತಿ'ಯೆಂದೂ ಕರೆಯೋಣ. ಈ ಪ್ರಶ್ನೆ ನಮ್ಮ ದೇಶದ ದಾರ್ಶನಿಕರಿಗೆ ಅಪರಿಚಿತವಲ್ಲ. ಲೋಕದಲ್ಲಿ ಕಾಣುವ ತಾರತಮ್ಯಗಳಿಂದ ಈಶ್ವರನಿಗೆ ವೈಷಮ್ಯ, ನೈರ್ಘೃಣ್ಯ ಎಂಬ ದೋಷಗಳು ತಗಲುವುದಿಲ್ಲವೇ ಎಂಬ ಶಂಕೆಯನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯವು ಎತ್ತಿ, ಜೀವರ ಕರ್ಮವನ್ನು ಮುಂದಿಟ್ಟು ಪರಿಹರಿಸಿದೆ. ಕರ್ಮಪ್ರವಾಹವು ಅನಾದಿಯೆಂಬ ಸಿದ್ಧಾಂತವೇ ಆ ಪರಿಹಾರಕ್ಕೆ ತಳಹದಿ. ಕ್ರೈಸ್ತರಿಗೆ ಈ ದಾರಿ ಇಲ್ಲ. ಅವರ ಮತದಲ್ಲಿ ಜೀವನಿಗೆ ಜನ್ಮ ಒಂದೇ. ಜೀವನೂ ದೇವರಿಂದ ಸೃಷ್ಟನಾದವನೇ. ಆದುದರಿಂದ, ಒಬ್ಬನಲ್ಲಿ ನಂಬಿಕೆ ಹುಟ್ಟಿ ಮತ್ತೊಬ್ಬನಲ್ಲಿ ಹುಟ್ಟದಿದ್ದರೆ ಆ ಭೇದದ ಮೂಲವನ್ನು ದೇವರ ಇಚ್ಛೆಯಲ್ಲಾಗಲಿ ಮನುಷ್ಯನ ಇಚ್ಛೆಯಲ್ಲಾಗಲಿ ಕಾಣಬೇಕೇ ಹೊರತು ಮೂರನೆಯ ಸ್ಥಾನವಿಲ್ಲ. ಅವರ ವಾದಕ್ಕೆ ಬಂದ ತೀಕ್ಷ್ಣತೆಯ ಕಾರಣ ಇದು.

ಈ ಇಕ್ಕಟ್ಟನ್ನು ಮೊದಲು ಆಳವಾಗಿ ಕಂಡವನು ಆಫ್ರಿಕದ ಹಿಪ್ಪೋ ನಗರದ ಬಿಷಪ್ ಆಗಿದ್ದ ಆಗಸ್ಟೀನ್ (೩೫೪–೪೩೦). ನಂಬಿಕೆ ಮನುಷ್ಯನ ಕಡೆಯಿಂದ ಬರತಕ್ಕದ್ದೆಂದು ಅವನು ಮೊದಮೊದಲು ಎಣಿಸಿದ್ದನು. ಆದರೆ ಸುಮಾರು ೩೯೬ರಲ್ಲಿ ಸಿಂಪ್ಲಿಷಿಯನನ ಪ್ರಶ್ನೆಗಳಿಗೆ ಉತ್ತರ ಬರೆಯುವಾಗ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯವನ್ನು ಮತ್ತೆ ಪರಿಶೀಲಿಸಿ, ನಂಬಿಕೆಯೂ ದೇವರ ಕೃಪೆಯ ದಾನವೇ ಎಂಬ ನಿಶ್ಚಯಕ್ಕೆ ಬಂದನು. ಆದಾಮನ ಪತನದಿಂದ ಮನುಷ್ಯಕುಲವೆಲ್ಲವೂ ದಂಡನಾರ್ಹವಾದ ಒಂದೇ ಮುದ್ದೆಯಾಗಿದೆ. ಅದರಿಂದ ದೇವರು ಕೆಲವರನ್ನು ಕರುಣೆಯಿಂದ ಎತ್ತಿಕೊಳ್ಳುತ್ತಾನೆ. ಉಳಿದವರಿಗೆ ನ್ಯಾಯವಾದುದನ್ನೇ ಸಲ್ಲಿಸುತ್ತಾನೆ ಎಂಬುದು ಅವನ ಮತ. ಮನುಷ್ಯನ ಶಕ್ತಿಗೆ ಹೆಚ್ಚು ಎಡೆಗೊಟ್ಟ ಪೆಲೇಜಿಯಸನ ಪಕ್ಷವನ್ನು ೪೧೮ರಲ್ಲಿ ಕಾರ್ಥೇಜಿನ ಸಭೆ ಖಂಡಿಸಿತು. ೫೨೯ರ ಆರೆಂಜ್ ಸಭೆಯು ಕೃಪೆಯ ಪ್ರಾಥಮ್ಯವನ್ನು ಒಪ್ಪಿ, ದೇವರು ಕೆಲವರನ್ನು ಕೇಡಿಗೆಂದೇ ನಿಯಮಿಸಿದನೆಂಬ ಮಾತನ್ನು ಮಾತ್ರ ಶಪಿಸಿತು. ಒಂಬತ್ತನೆಯ ಶತಮಾನದಲ್ಲಿ ಗಾಟ್‌ಶಾಕ್ ಎಂಬ ಸಂನ್ಯಾಸಿಯು ವರಣತಿರಸ್ಕಾರಗಳೆರಡೂ ನಿಯತವೆಂದು ಬೋಧಿಸಿ, ೮೪೯ರಲ್ಲಿ ಚಾವಟಿಯ ಏಟನ್ನು ತಿಂದು ಸೆರೆಯಲ್ಲಿಯೇ ಪ್ರಾಣಬಿಟ್ಟನು.

ಹದಿನಾರನೆಯ ಶತಮಾನದ ಮತಸುಧಾರಣೆಯು ಈ ಪ್ರಶ್ನೆಯನ್ನು ಮತ್ತೆ ಕೆದಕಿತು. ೧೫೨೪ರಲ್ಲಿ ಎರಾಸ್ಮಸನು ಸ್ವತಂತ್ರೇಚ್ಛೆಯ ಪರವಾಗಿಯೂ, ಮರುವರ್ಷ ಲೂಥರನು ಅದಕ್ಕೆ ವಿರೋಧವಾಗಿಯೂ ಬರೆದರು. ಜಿನೀವಾದ ಕ್ಯಾಲ್ವಿನನು ತನ್ನ ಮಹಾಗ್ರಂಥದ ೧೫೫೯ನೆಯ ಪರಿಷ್ಕರಣದಲ್ಲಿ ದೈವನಿಯತಿಯನ್ನು ವಿಸ್ತಾರವಾಗಿ ಪ್ರತಿಪಾದಿಸಿದನು. ಅವನ ಉತ್ತರಾಧಿಕಾರಿ ಬೇಜಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಆಗಸ್ಟೀನನ ದೃಷ್ಟಿಯಲ್ಲಿ ದೇವರು ಆರಿಸಿಕೊಂಡುದು ಪತಿತವಾದ ಮನುಷ್ಯಕುಲದಿಂದ. ಬೇಜಾನ ದೃಷ್ಟಿಯಲ್ಲಿಯಾದರೋ ಸಂಕಲ್ಪದ ಕ್ರಮದಲ್ಲಿ ಆಯ್ಕೆಯೇ ಮೊದಲು, ಸೃಷ್ಟಿಯೂ ಪತನವೂ ಅದಕ್ಕೆ ಸಾಧನಗಳು. ಈ ಎರಡು ಮತಗಳನ್ನು ಕ್ರಮವಾಗಿ ಪತನೋತ್ತರವಾದವೆಂದೂ ಪತನಪೂರ್ವವಾದವೆಂದೂ ಕರೆಯಬಹುದು. ಪ್ರಾಟೆಸ್ಟೆಂಟರಲ್ಲಿ ಮಾತ್ರವೇ ಈ ಕಲಹವಿತ್ತೆಂದು ತಿಳಿಯಬಾರದು. ಅದೇ ಕಾಲದಲ್ಲಿ ಕೆಥೊಲಿಕರೊಳಗೆ ಡೊಮಿನಿಕನ್ ಮತ್ತು ಜೆಸುಯಿಟ್ ಪಂಥಗಳವರು ಕೃಪೆಯ ವಿಷಯದಲ್ಲಿ ತೀವ್ರವಾಗಿ ಹೋರಾಡುತ್ತಿದ್ದರು. ಅವರ ವಾದವನ್ನು ರೋಮಿನಲ್ಲಿ ವರ್ಷಗಟ್ಟಲೆ ಆಲಿಸಿ, ೧೬೦೭ರಲ್ಲಿ ಐದನೆಯ ಪಾಲ್ ಪೋಪನು ಯಾವ ಪಕ್ಷಕ್ಕೂ ಜಯಪತ್ರವನ್ನು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಜರೆಯಕೂಡದೆಂದು ವಿಧಿಸಿ ಸುಮ್ಮನಾಗಿಸಿದನು. ಹಾಲೆಂಡಿನಲ್ಲಿ ಹಾಗೆ ಸುಮ್ಮನಾಗಿಸಬಲ್ಲ ಒಬ್ಬ ಪೋಪನಿರಲಿಲ್ಲ.

೩. ಅರ್ಮಿನಿಯಸ್

ವಿವಾದದ ನಾಯಕನಾದ ಯಾಕೋಬ್ ಅರ್ಮಿನಿಯಸನು ಓಡವಾಟರ್ ಎಂಬ ಊರಿನವನು. ಅವನ ಹುಟ್ಟು ೧೫೬೦ರಲ್ಲೆಂದು ಸಾಂಪ್ರದಾಯಿಕವಾದ ಎಣಿಕೆ. ೧೫೭೫ರಲ್ಲಿ ಸ್ಪೇನಿನ ಸೈನಿಕರು ಆ ಊರನ್ನು ಹಿಡಿದು ಪ್ರಜೆಗಳನ್ನು ಕೊಂದಾಗ ಅವನ ತಾಯಿಯೂ ಒಡಹುಟ್ಟಿದವರೂ ಹತರಾದರು; ಆಗ ಅವನು ಮಾರ್ಬುರ್ಗಿನಲ್ಲಿ ಓದುತ್ತಿದ್ದುದರಿಂದ ಉಳಿದುಕೊಂಡನು. ಹೊಸದಾಗಿ ಸ್ಥಾಪಿತವಾಗಿದ್ದ ಲೈಡನ್ ವಿದ್ಯಾಪೀಠದಲ್ಲಿಯೂ, ಬಳಿಕ ಆಮ್ಸ್ಟರ್‌ಡ್ಯಾಮಿನ ವರ್ತಕರ ಸಹಾಯದಿಂದ ಜಿನೀವಾದಲ್ಲಿ ಬೇಜಾನ ಬಳಿಯಲ್ಲಿಯೂ ವ್ಯಾಸಂಗಮಾಡಿ, ೧೫೮೮ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಪಾದ್ರಿಯಾದನು.

ಇವನ ಮತಪರಿವರ್ತನೆಯ ವಿಷಯದಲ್ಲಿ ಪ್ರಸಿದ್ಧವಾದ ಒಂದು ಕಥೆಯುಂಟು. ಕೋರ್ನ್‌ಹರ್ಟ್ ಎಂಬ ವಿದ್ವಾಂಸನು ದೈವನಿಯತಿವಾದವನ್ನು ಖಂಡಿಸಿದ್ದನು. ಅದಕ್ಕೆ ಪ್ರತಿಖಂಡನವನ್ನು ಬರೆಯಬೇಕೆಂದು ಅರ್ಮಿನಿಯಸನನ್ನು ನೇಮಿಸಿದರು. ಬರೆಯಲು ಕುಳಿತವನು ಎದುರಾಳಿಯ ವಾದಕ್ಕೇ ಸೋತು ತನ್ನ ಮತವನ್ನು ಬಿಟ್ಟನು ಎಂಬುದೇ ಆ ಕಥೆ. ಇದಕ್ಕೆ ಮೂಲ ೧೬೦೯ರಲ್ಲಿ ಅವನು ತೀರಿಕೊಂಡಾಗ ಅವನ ಮಿತ್ರ ಬರ್ಟಿಯಸನು ಮಾಡಿದ ಚರಮಭಾಷಣ. ಕಾರ್ಲ್ ಬ್ಯಾಂಗ್ಸ್ ಎಂಬ ಸಂಶೋಧಕರು ೧೯೭೧ರಲ್ಲಿ ಪ್ರಕಟಿಸಿದ ಅರ್ಮಿನಿಯಸನ ಚರಿತ್ರೆಯಲ್ಲಿ ಈ ಕಥೆಯನ್ನು ಪರೀಕ್ಷಿಸಿ, ಅವನು ಎಂದಾದರೂ ಬೇಜಾನ ಮತವನ್ನು ಒಪ್ಪಿದ್ದನೆಂಬುದಕ್ಕೇ ಆಧಾರ ಸಾಲದೆಂದು ತೋರಿಸಿದ್ದಾರೆ. ಬಿಡದ ಮತಕ್ಕೆ ಪರಿವರ್ತನೆ ಎಲ್ಲಿಯದು? ಕಥೆ ಮನೋಹರವಾಗಿದೆಯೆಂಬುದು ಅದನ್ನು ಚರಿತ್ರೆಯೆಂದು ಒಪ್ಪಲು ಕಾರಣವಾಗಲಾರದು. ನಮಗೆ ನಿಶ್ಚಯವಾಗಿ ತಿಳಿದಿರುವುದೇನೆಂದರೆ, ಅರ್ಮಿನಿಯಸನು ಆಮ್ಸ್ಟರ್‌ಡ್ಯಾಮಿನಲ್ಲಿ ರೋಮಾಪುರದವರ ಪತ್ರಿಕೆಯನ್ನು ಅನುಕ್ರಮವಾಗಿ ಉಪನ್ಯಾಸಮಾಡುತ್ತಾ ಬಂದು, ಏಳನೆಯ ಅಧ್ಯಾಯದಲ್ಲಿಯೂ ಒಂಬತ್ತನೆಯ ಅಧ್ಯಾಯದಲ್ಲಿಯೂ ರೂಢಿಯ ಅರ್ಥದಿಂದ ಬೇರೆಯಾದನೆಂಬುದು. ಅವನ ಮೇಲೆ ಮೊದಲು ದೂರು ಎತ್ತಿದವರಲ್ಲಿ ಪ್ಲಾನ್ಸಿಯಸ್ ಮುಖ್ಯನು; ಡಚ್ಚರ ನೌಕಾಯಾನಗಳಿಗೆ ಭೂಪಟಗಳನ್ನು ರಚಿಸಿದ ಪಾದ್ರಿ ಇವನೇ. ಹೀಗೆ ವಿವಾದದ ಬೀಜ ತರ್ಕಗ್ರಂಥದಲ್ಲಲ್ಲ, ವ್ಯಾಖ್ಯಾನಪೀಠದಲ್ಲಿ ಬಿತ್ತಲ್ಪಟ್ಟಿತು.

೪. ಒಂಬತ್ತನೆಯ ಅಧ್ಯಾಯದ ಎರಡು ವ್ಯಾಖ್ಯಾನಗಳು

ಈ ಅಧ್ಯಾಯದ ವಿಷಯವನ್ನು ಸಂಗ್ರಹವಾಗಿ ಹೇಳಬಹುದು. ಇಸ್ರಾಯೇಲ್ಯರಲ್ಲಿ ಬಹುಮಂದಿ ಕ್ರಿಸ್ತನನ್ನು ಒಪ್ಪದಿರುವುದನ್ನು ಕಂಡು ಪೌಲನು ದುಃಖಿಸುತ್ತಾನೆ. ಹಾಗಾದರೆ ಅವರ ಪಿತೃಗಳಿಗೆ ದೇವರು ಕೊಟ್ಟ ವಾಗ್ದಾನ ಸುಳ್ಳಾಯಿತೇ ಎಂಬ ಶಂಕೆಯನ್ನೆತ್ತಿ, ಇಲ್ಲವೆಂದು ಸಮಾಧಾನ ಹೇಳುತ್ತಾನೆ. ಅಬ್ರಹಾಮನ ಮಕ್ಕಳಲ್ಲಿ ಇಸಾಕನು ವಾಗ್ದಾನಕ್ಕೆ ಬಾಧ್ಯನಾದನು, ಇಷ್ಮಾಯೇಲನು ಆಗಲಿಲ್ಲ. ಒಂದೇ ಬಸುರಿನ ಅವಳಿಗಳಲ್ಲಿ ಯಾಕೋಬನು ವೃತನಾದನು, ಏಸಾವನು ಆಗಲಿಲ್ಲ, ಅದೂ ಅವರು ಹುಟ್ಟಿ ಒಳ್ಳೆಯದನ್ನೋ ಕೆಟ್ಟದನ್ನೋ ಮಾಡುವುದಕ್ಕೆ ಮೊದಲೇ. ಮುಂದೆ ಐಗುಪ್ತದ ಫರೋಹನ ಹೃದಯವನ್ನು ದೇವರು ಕಠಿನಮಾಡಿದ ಮಾತೂ, ಒಂದೇ ಮಣ್ಣಿನ ಮುದ್ದೆಯಿಂದ ಮಾನ್ಯವಾದ ಪಾತ್ರೆಯನ್ನೂ ಹೀನವಾದ ಪಾತ್ರೆಯನ್ನೂ ಮಾಡಲು ಕುಂಬಾರನಿಗೆ ಅಧಿಕಾರವಿಲ್ಲವೇ ಎಂಬ ದೃಷ್ಟಾಂತವೂ ಬರುತ್ತವೆ. ಕಡೆಯಲ್ಲಿ, ಅನ್ಯಜನರು ನಂಬಿಕೆಯಿಂದ ನೀತಿಯನ್ನು ಪಡೆದರು, ಇಸ್ರಾಯೇಲ್ಯರು ಕ್ರಿಯೆಗಳಿಂದ ಪಡೆಯಹೋಗಿ ಎಡವಿದರು ಎಂಬ ಉಪಸಂಹಾರವಿದೆ.

ಬೇಜಾನ ಪಂಥದವರು ಈ ಅಧ್ಯಾಯದ ಮಧ್ಯಭಾಗಕ್ಕೆ ಪ್ರಾಧಾನ್ಯವನ್ನು ಕೊಟ್ಟರು. ಯಾಕೋಬ ಏಸಾವರು ವ್ಯಕ್ತಿಗಳು. ಅವರ ವಿಷಯವಾದ ಸಂಕಲ್ಪ ಅವರ ಗುಣಕರ್ಮಗಳನ್ನು ನೋಡಿ ಮಾಡಿದುದಲ್ಲವೆಂದು ಪೌಲನೇ ಸ್ಪಷ್ಟವಾಗಿ ಹೇಳುತ್ತಾನೆ. ಕುಂಬಾರನ ಮಣ್ಣು ಎಂದರೆ ಇನ್ನೂ ರೂಪುಗೊಳ್ಳದ ಮನುಷ್ಯಕುಲ. ಆದುದರಿಂದ ವರಣಕ್ಕೆ ದೇವರ ಇಚ್ಛೆಯ ಹೊರತು ಬೇರೆ ಕಾರಣವನ್ನು ಹುಡುಕಲಾಗದು.

ಅರ್ಮಿನಿಯಸನ ವಿವರಣೆ ಬೇರೆ. ಸ್ನೆಕಾನಸ್ ಎಂಬ ಪಾದ್ರಿಗೆ ೧೫೯೬ರ ವೇಳೆಗೆ ಅವನು ಬರೆದ ಪತ್ರದಲ್ಲಿ ಅದು ವಿಶದವಾಗಿದೆ. ಪ್ರಕರಣದ ಪ್ರಶ್ನೆ ಯಾವುದೆಂಬುದನ್ನು ಮೊದಲು ಗೊತ್ತುಮಾಡಬೇಕೆಂಬುದು ಅವನ ಪಟ್ಟು. ಪ್ರಶ್ನೆ ಇರುವುದು ದೇವರು ಇಂಥಿಂಥ ವ್ಯಕ್ತಿಗಳನ್ನು ಏಕೆ ಆರಿಸಿದನೆಂಬುದಲ್ಲ; ಕ್ರಿಯೆಗಳಿಂದ ನೀತಿಯನ್ನು ಅರಸುವ ಯಹೂದ್ಯರು ಹೊರಗಾದರೆ ದೇವರ ವಾಕ್ಯ ತಪ್ಪುವುದೋ ಎಂಬುದು. ಹೀಗಿರಲಾಗಿ ಇಸಾಕ ಯಾಕೋಬರು ನಂಬಿಕೆಯ ಮಾರ್ಗದವರಿಗೆ ಪ್ರತೀಕ, ಇಷ್ಮಾಯೇಲ ಏಸಾವರು ಕ್ರಿಯೆಯ ಮಾರ್ಗದವರಿಗೆ ಪ್ರತೀಕ. ಮುಕ್ತಿಗೆ ನಂಬಿಕೆಯೇ ದ್ವಾರವೆಂದು ನಿಯಮಿಸುವ ಪೂರ್ಣಾಧಿಕಾರ ದೇವರದು. ಕುಂಬಾರನ ದೃಷ್ಟಾಂತ ಆ ಅಧಿಕಾರವನ್ನು ಸಾರುತ್ತದೆಯೇ ಹೊರತು, ನಿಷ್ಕಾರಣವಾದ ತಿರಸ್ಕಾರವನ್ನಲ್ಲ.

ನಮ್ಮ ಮೀಮಾಂಸಕರು ತಾತ್ಪರ್ಯನಿರ್ಣಯಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳುವರಷ್ಟೆ. ಅರ್ಮಿನಿಯಸನು ಆ ಹೆಸರುಗಳನ್ನು ಕೇಳಿದವನಲ್ಲ. ಆದರೂ ಅವನ ಬಲವೆಲ್ಲವೂ ಉಪಕ್ರಮೋಪಸಂಹಾರಗಳ ಐಕ್ಯದಲ್ಲಿದೆ. ಅಧ್ಯಾಯವು ವಾಗ್ದಾನದ ಮಾತಿನಿಂದ ತೊಡಗಿ ನಂಬಿಕೆ ಕ್ರಿಯೆಗಳ ಭೇದದಲ್ಲಿ ಮುಗಿಯುವುದರಿಂದ ನಡುವಣ ವಾಕ್ಯಗಳನ್ನೂ ಅದಕ್ಕೆ ಅನುಗುಣವಾಗಿ ಯೋಜಿಸಬೇಕೆಂಬುದು ಅವನ ಪಕ್ಷ. ಪ್ರತಿಪಕ್ಷದವರ ಉತ್ತರವೂ ದುರ್ಬಲವಲ್ಲ. ಕರುಣೆ ದೇವರ ಇಚ್ಛೆಯನ್ನೇ ಅನುಸರಿಸುತ್ತದೆಂಬ ಮಾತು ಅಧ್ಯಾಯದಲ್ಲಿ ಮತ್ತೆ ಮತ್ತೆ ಬಂದಿದೆ, ಇದು ಅಭ್ಯಾಸ. ಅದಕ್ಕಿಂತ ಬಲವತ್ತರವಾದುದು ಉಪಪತ್ತಿ: ಪೌಲನೇ ಒಬ್ಬ ಪೂರ್ವಪಕ್ಷಿಯನ್ನು ನಿಲ್ಲಿಸಿ, ಹಾಗಾದರೆ ದೇವರಲ್ಲಿ ಅನ್ಯಾಯವುಂಟೇ, ಅವನ ಇಚ್ಛೆಯನ್ನು ಎದುರಿಸಲಾರದವರ ಮೇಲೆ ತಪ್ಪು ಹೊರಿಸುವುದೇಕೆ, ಎಂದು ಕೇಳಿಸುತ್ತಾನೆ. ನಂಬಿದವರಿಗೆ ಮುಕ್ತಿ, ನಂಬದವರಿಗೆ ಇಲ್ಲ ಎಂಬಷ್ಟೇ ಪೌಲನ ಅಭಿಪ್ರಾಯವಾಗಿದ್ದರೆ ಈ ಆಕ್ಷೇಪಕ್ಕೆ ಅವಕಾಶವೆಲ್ಲಿ? ಆಕ್ಷೇಪ ಹುಟ್ಟುವುದೇ ಸಿದ್ಧಾಂತ ಕಠಿನವಾಗಿರುವುದಕ್ಕೆ ಗುರುತು ಎಂದು ಅವರು ವಾದಿಸಿದರು. ಅರ್ಮಿನಿಯಸನಾದರೋ, ತಾನು ನೆಚ್ಚಿದ ಕ್ರಿಯಾಮಾರ್ಗವನ್ನೇ ದೇವರು ತಳ್ಳಿಹಾಕಿದನೆಂದು ಗೊಣಗುವ ಯಹೂದ್ಯನ ಬಾಯಿಂದಲೂ ಅಂಥ ಆಕ್ಷೇಪ ಬರಬಹುದೆಂದನು. ಇಂದಿಗೂ ಈ ಅಧ್ಯಾಯದ ವ್ಯಾಖ್ಯಾನಕಾರರು ಇವೆರಡು ದಾರಿಗಳಲ್ಲಿ ಹಂಚಿಹೋಗಿರುವುದನ್ನು ಕಂಡರೆ, ಯಾವ ಪಕ್ಷವೂ ಕೇವಲ ಹಟದಿಂದ ನಿಂತಿತ್ತೆಂದು ಹೇಳಲಾಗದು.

ಇತರ ವಚನಗಳಲ್ಲಿಯೂ ಹೀಗೆಯೇ. ತಿಮೊಥೆಯನ ಮೊದಲನೆಯ ಪತ್ರಿಕೆಯಲ್ಲಿ ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಚ್ಛೆಯೆಂದಿದೆ. 'ಎಲ್ಲರೂ' ಎಂದರೆ ಎಲ್ಲ ವರ್ಗದವರೂ ಎಂದು ಆಗಸ್ಟೀನನನ್ನೂ ಕ್ಯಾಲ್ವಿನನನ್ನೂ ಅನುಸರಿಸಿದವರು ಸಂಕೋಚಿಸಿದರು. ಪ್ರತಿಯೊಬ್ಬನೂ ಎಂದು ಅರ್ಮಿನಿಯಸನ ಶಿಷ್ಯರು ಹಿಗ್ಗಿಸಿದರು. ಎಫೆಸದವರ ಪತ್ರಿಕೆಯಲ್ಲಿ ವರಣವು ಕ್ರಿಸ್ತನಲ್ಲಿ ಆಯಿತೆಂದಿದೆ. ಕ್ರಿಸ್ತನಲ್ಲಿ ಇರತಕ್ಕವರನ್ನಾಗಿ ಆರಿಸಿದನೆಂದು ಒಬ್ಬರು, ನಂಬಿಕೆಯಿಂದ ಕ್ರಿಸ್ತನಲ್ಲಿ ಇರುವವರನ್ನೇ ಆರಿಸಿದನೆಂದು ಮತ್ತೊಬ್ಬರು. ಅಕ್ಷರಗಳಲ್ಲಿ ಭೇದವಿಲ್ಲ, ಅನ್ವಯದಲ್ಲಿ ಮಾತ್ರ ಭೇದ.

೫. ವಿದ್ಯಾಪೀಠದಿಂದ ರಾಜಸಭೆಗೆ

೧೬೦೩ರಲ್ಲಿ ಅರ್ಮಿನಿಯಸನು ಲೈಡನ್ನಿನಲ್ಲಿ ಪ್ರಾಧ್ಯಾಪಕನಾದನು. ಅಲ್ಲಿ ಅವನ ಸಹೋದ್ಯೋಗಿಯೂ ಪ್ರತಿಸ್ಪರ್ಧಿಯೂ ಆದವನು ಬ್ರೂಜ್ ನಗರದ ಗೊಮಾರಸ್. ೧೬೦೪ನೆಯ ಫೆಬ್ರವರಿ ೭ರಲ್ಲಿ ಅರ್ಮಿನಿಯಸನು ದೈವನಿಯತಿಯ ಮೇಲೆ ವಾಕ್ಯಾರ್ಥವನ್ನು ನಡೆಯಿಸಿದನು. ಅಕ್ಟೋಬರ್ ೩೧ರಲ್ಲಿ ಗೊಮಾರಸನು ಅದೇ ವಿಷಯದ ಮೇಲೆ ವಿರುದ್ಧವಾದ ವಾಕ್ಯಾರ್ಥವನ್ನು ಇಟ್ಟನು. ಅಲ್ಲಿಂದ ಕಲಹ ಬಯಲಿಗೆ ಬಿದ್ದಿತು.

ಇಲ್ಲಿ ಪ್ರಮಾಣದ ಪ್ರಶ್ನೆ ತಲೆಯೆತ್ತಿತು. ಡಚ್ ಸುಧಾರಿತ ಸಭೆಗೆ ಎರಡು ಅಂಗೀಕೃತ ಪತ್ರಗಳಿದ್ದುವು: ೧೫೬೧ರ ಬೆಲ್ಜಿಕ್ ವಿಶ್ವಾಸಪ್ರಮಾಣ, ೧೫೬೩ರ ಹೈಡೆಲ್ಬರ್ಗ್ ಪ್ರಶ್ನೋತ್ತರಿ. ಇವನ್ನು ಶಾಸ್ತ್ರದ ಬೆಳಕಿನಲ್ಲಿ ಪುನಃ ಪರಿಶೀಲಿಸಬೇಕು, ಮುಂದಿನ ಧರ್ಮಸಭೆಯ ಸದಸ್ಯರು ಇವಕ್ಕೆ ಕಟ್ಟುಬೀಳದೆ ಶಾಸ್ತ್ರಕ್ಕೆ ಮಾತ್ರ ಬದ್ಧರಾಗಿರಬೇಕು ಎಂದು ಅರ್ಮಿನಿಯಸನೂ ಅವನ ಗೆಳೆಯ ಪಾದ್ರಿ ಉಯ್ಟನ್‌ಬೊಗಾರ್ಟನೂ ಕೇಳಿದರು. ವಿಶ್ವಾಸಪ್ರಮಾಣವು ಶಾಸ್ತ್ರದ ಸಾರವೇ ಆಗಿದೆ, ಅದನ್ನು ಸಂದೇಹಕ್ಕೊಳಪಡಿಸಿದರೆ ಸಭೆಯ ತಳಹದಿಯೇ ಕದಲುವುದು ಎಂದು ಪ್ರತಿಪಕ್ಷದವರು ಹೇಳಿದರು. ಮೊದಲನೆಯ ಮಾತು ಸುಧಾರಣೆಯ ಮೂಲತತ್ತ್ವಕ್ಕೆ ಹೊಂದಿಕೆಯಾದುದು. ಎರಡನೆಯದನ್ನೂ ಉಪೇಕ್ಷಿಸಲಾಗದು: ಆ ವಿಶ್ವಾಸಪ್ರಮಾಣವನ್ನು ಬರೆದ ಗೀಡೊ ಡಿ ಬ್ರೆ ೧೫೬೭ರಲ್ಲಿ ಅದರ ಸಲುವಾಗಿಯೇ ನೇಣುಗಂಬವನ್ನು ಏರಿದ್ದನು, ಸ್ಪೇನಿನೊಡನೆ ಯುದ್ಧ ಮುಗಿಯದಿದ್ದ ದೇಶದಲ್ಲಿ, ಹಿಂಸೆಗೆ ಅಂಜಿ ದಕ್ಷಿಣಪ್ರಾಂತಗಳಿಂದ ಓಡಿಬಂದ ಸಾವಿರಾರು ಮಂದಿಗೆ ಅದು ಕೇವಲ ಕಾಗದವಾಗಿರಲಿಲ್ಲ.

೧೬೦೮ರಲ್ಲಿ ಇಬ್ಬರು ಪ್ರಾಧ್ಯಾಪಕರನ್ನೂ ಹೇಗಿಗೆ ಕರೆಸಿ ವಿಚಾರಿಸಿದರು. ಅಕ್ಟೋಬರ್ ೩೦ರಲ್ಲಿ ಅರ್ಮಿನಿಯಸನು ಹಾಲೆಂಡ್ ಪ್ರಾಂತದ ಪ್ರತಿನಿಧಿಸಭೆಯ ಮುಂದೆ ತನ್ನ ಮತವನ್ನು ವಿವರಿಸಿದನು. ದೇವರ ಮೊದಲನೆಯ ಸಂಕಲ್ಪ ಕ್ರಿಸ್ತನನ್ನು ರಕ್ಷಕನಾಗಿ ನೇಮಿಸಿದುದು. ಎರಡನೆಯದು ಪಶ್ಚಾತ್ತಾಪಪಟ್ಟು ನಂಬುವವರನ್ನು ಸ್ವೀಕರಿಸಬೇಕೆಂಬುದು. ಮೂರನೆಯದು ನಂಬಿಕೆಗೆ ಬೇಕಾದ ಸಾಧನಗಳನ್ನು ಒದಗಿಸಬೇಕೆಂಬುದು. ಯಾರು ನಂಬುವರು, ಯಾರು ನಂಬರು ಎಂಬುದನ್ನು ಮುಂದಾಗಿ ಬಲ್ಲವನಾಗಿ ವ್ಯಕ್ತಿಗಳ ವಿಷಯದಲ್ಲಿ ಮಾಡಿದ ನಿಶ್ಚಯ ನಾಲ್ಕನೆಯದು. ಇದೇ ಅವನ ಸಿದ್ಧಾಂತದ ಸಾರ. ಭಿನ್ನಾಭಿಪ್ರಾಯ ಮೂಲತತ್ತ್ವಗಳದ್ದಲ್ಲವೆಂದು ಓಲ್ಡನ್‌ಬಾರ್ನೆವೆಲ್ಟನು ಸಮಾಧಾನಪಟ್ಟುಕೊಂಡಾಗ, ಅರ್ಮಿನಿಯಸನ ಅಭಿಪ್ರಾಯವನ್ನು ಹೊತ್ತುಕೊಂಡು ದೇವರ ನ್ಯಾಯಾಸನದ ಮುಂದೆ ನಿಲ್ಲಲು ತಾನು ಧೈರ್ಯಪಡಲಾರೆನೆಂದು ಗೊಮಾರಸನು ಹೇಳಿದನೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಮುತ್ಸದ್ದಿಗೆ ಸಣ್ಣದಾಗಿ ಕಂಡುದು ಪಂಡಿತನಿಗೆ ಪರಲೋಕದ ಪ್ರಶ್ನೆಯಾಗಿ ಕಂಡಿತು.

ಅರ್ಮಿನಿಯಸನು ೧೬೦೯ನೆಯ ಅಕ್ಟೋಬರ್ ೧೯ರಲ್ಲಿ ಕಾಲವಾದನು. ಮರುವರ್ಷ ಅವನ ಪಕ್ಷದ ನಲವತ್ತಕ್ಕೂ ಹೆಚ್ಚು ಮಂದಿ ಪಾದ್ರಿಗಳು ಐದು ವಿಧಿಗಳುಳ್ಳ ಒಂದು ಬಿನ್ನವತ್ತಳೆಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಅದರಿಂದ ಅವರಿಗೆ 'ರೆಮಾನ್‌ಸ್ಟ್ರಂಟ'ರೆಂಬ ಹೆಸರಾಯಿತು. ಅದರಲ್ಲಿ ಐದನೆಯ ವಿಧಿ ಗಮನಾರ್ಹವಾಗಿದೆ. ನಿಜವಾಗಿ ನಂಬಿದವನು ಮತ್ತೆ ಜಾರಬಹುದೇ ಎಂಬ ಪ್ರಶ್ನೆಗೆ ಅವರು ಉತ್ತರ ಹೇಳದೆ, ಶಾಸ್ತ್ರದಿಂದ ಇನ್ನೂ ಚೆನ್ನಾಗಿ ಶೋಧಿಸಬೇಕಾಗಿದೆಯೆಂದು ಬಿಟ್ಟಿದ್ದಾರೆ. ಇಂಥ ತೆರೆದ ಪ್ರಶ್ನೆಗೆ ಎಡೆಯಿರಬೇಕೆಂಬುದೇ ಅವರ ಬೇಡಿಕೆಯ ತಿರುಳು. ೧೬೧೧ರಲ್ಲಿ ಪ್ರತಿಪಕ್ಷದವರು ಪ್ರತಿಬಿನ್ನಹವನ್ನು ಕೊಟ್ಟರು.

ಆಗ ರಾಜಕಾರಣ ಸೇರಿಕೊಂಡಿತು. ಓಲ್ಡನ್‌ಬಾರ್ನೆವೆಲ್ಟನು ೧೬೦೯ರಲ್ಲಿ ಸ್ಪೇನಿನೊಡನೆ ಹನ್ನೆರಡು ವರ್ಷದ ಕದನವಿರಾಮವನ್ನು ಮಾಡಿಸಿದವನು. ಸೇನಾಧಿಪತಿ ಮೌರಿಟ್ಸ್ ರಾಜಕುಮಾರನಿಗೆ ಅದು ಹಿಡಿಸಿರಲಿಲ್ಲ. ಧರ್ಮವಿಷಯದಲ್ಲಿ ಪ್ರತಿಯೊಂದು ಪ್ರಾಂತವೂ ಸ್ವತಂತ್ರವೆಂದು ಮೊದಲನೆಯವನು ಹೇಳುತ್ತಿದ್ದನು. ದೇಶಕ್ಕೆಲ್ಲ ಒಂದೇ ಧರ್ಮಸಭೆ ನೆರೆಯಬೇಕೆಂದು ರೆಮಾನ್‌ಸ್ಟ್ರಂಟರ ವಿರೋಧಿಗಳು ಕೂಗುತ್ತಿದ್ದರು. ೧೬೧೭ರ ಜುಲೈ ತಿಂಗಳಲ್ಲಿ ಮೌರಿಟ್ಸನು ಬಹಿರಂಗವಾಗಿ ಆ ವಿರೋಧಿಗಳ ಆರಾಧನೆಗೆ ಹೋದನು. ಆಗಸ್ಟ್ ೪ರಲ್ಲಿ ಹಾಲೆಂಡ್ ಪ್ರಾಂತವು ನಗರಗಳು ತಮ್ಮ ರಕ್ಷಣೆಗೆ ಸ್ವಂತ ಪಡೆಗಳನ್ನು ಕಟ್ಟಬಹುದೆಂದು ತೀರ್ಮಾನಿಸಿತು. ಮರುವರ್ಷ ಮೌರಿಟ್ಸನು ಆ ಪಡೆಗಳನ್ನು ಬರಖಾಸ್ತುಮಾಡಿ, ಆಗಸ್ಟ್ ೨೯ರಲ್ಲಿ ಓಲ್ಡನ್‌ಬಾರ್ನೆವೆಲ್ಟನನ್ನೂ, ಧರ್ಮಶಾಸ್ತ್ರಜ್ಞನಾದ ಗ್ರೋಷಿಯಸನನ್ನೂ ಸೆರೆಹಿಡಿಸಿದನು. ಡೋರ್ಟಿನ ಸಭೆ ನೆರೆಯುವ ವೇಳೆಗೆ ಒಂದು ಪಕ್ಷದ ಪೋಷಕರು ಆಗಲೇ ಕಾರಾಗೃಹದಲ್ಲಿದ್ದರು.

೬. ಸಭೆಯ ನಡಾವಳಿ

ಸಭೆಗೆ ಬೋಗರ್‌ಮನ್ ಅಧ್ಯಕ್ಷನು. ರೆಮಾನ್‌ಸ್ಟ್ರಂಟರ ನಾಯಕ ಎಪಿಸ್ಕೋಪಿಯಸ್. ಇವನೂ ಲೈಡನ್ನಿನ ಪ್ರಾಧ್ಯಾಪಕನೇ. ಡಿಸೆಂಬರ್ ೬ರಲ್ಲಿ ಅವರು ಬಂದು ಸೇರಿದರು. ತಾವು ಸಮಾನರಾಗಿ ಚರ್ಚಿಸಲು ಬಂದವರೆಂದು ಅವರ ಎಣಿಕೆ. ಆರೋಪಿಗಳಾಗಿ ಉತ್ತರಕೊಡಲು ಬಂದವರೆಂದು ಸಭೆಯ ಎಣಿಕೆ. ತಿರಸ್ಕಾರದ ಸಿದ್ಧಾಂತವನ್ನು ಮೊದಲು ಚರ್ಚಿಸಬೇಕೆಂದು ಅವರು ಹಟಹಿಡಿದರು. ಪ್ರತಿಪಕ್ಷದ ದುರ್ಬಲಸ್ಥಾನ ಅದೆಂದು ಅವರು ಬಲ್ಲರು. ವರಣದಿಂದಲೇ ತೊಡಗಬೇಕೆಂದು ಅಧ್ಯಕ್ಷನು ವಿಧಿಸಿದನು. ಹೀಗೆ ಐದು ವಾರಗಳು ಕ್ರಮದ ಜಗಳದಲ್ಲೇ ಕಳೆದು, ೧೬೧೯ನೆಯ ಜನವರಿ ೧೪ರಲ್ಲಿ ಬೋಗರ್‌ಮನ್ನನು ಕಟುವಾದ ಮಾತುಗಳಿಂದ ಅವರನ್ನು ಹೊರಗಟ್ಟಿದನು. ಅಲ್ಲಿಂದ ಮುಂದೆ ಅವರ ಬರಹಗಳಿಂದಲೇ ಅವರ ಮತವನ್ನು ತಿಳಿದು ತೀರ್ಪುಮಾಡಿದರು.

ಆದರೂ ಸಭೆಯೊಳಗೆ ಭಿನ್ನಾಭಿಪ್ರಾಯವೇ ಇರಲಿಲ್ಲವೆನ್ನಲಾಗದು. ಕ್ರಿಸ್ತನ ಮರಣದ ಫಲ ಯಾರಿಗೆ ಎಂಬ ವಿಷಯದಲ್ಲಿ ಬ್ರಿಟನ್ನಿನ ಡೇವನೆಂಟನೂ ಬ್ರೆಮೆನ್ನಿನ ಮಾರ್ಟಿನಿಯಸನೂ ಇತರರಿಗಿಂತ ಉದಾರವಾದ ಅರ್ಥವನ್ನು ಹಿಡಿದರು. ಆ ಮರಣವು ಎಲ್ಲರಿಗೂ ಸಾಲುವಷ್ಟು ಬೆಲೆಯುಳ್ಳದ್ದು, ಆದರೆ ವೃತರಲ್ಲಿಯೇ ಫಲಿಸತಕ್ಕದ್ದು ಎಂಬ ಮಧ್ಯಸ್ಥವಾದ ಮಾತು ನಿರ್ಣಯದಲ್ಲಿ ನಿಂತಿತು. ಪತನಪೂರ್ವವಾದಿಯಾದ ಗೊಮಾರಸನ ಅಭಿಮತವನ್ನೂ ಸಭೆ ಸ್ವೀಕರಿಸಲಿಲ್ಲ. ಪತಿತವಾದ ಮನುಷ್ಯಕುಲದಿಂದ ದೇವರು ಆರಿಸಿದನೆಂದೇ ಬರೆಯಿತು. ಏಪ್ರಿಲ್ ೨೩ರಲ್ಲಿ ಸಹಿಯಾದ ಈ ನಿರ್ಣಯಗಳು ರೆಮಾನ್‌ಸ್ಟ್ರಂಟರ ಐದು ವಿಧಿಗಳಿಗೆ ಸರಿಸಮನಾಗಿ ಬಿಚ್ಚಿದ ಉತ್ತರಗಳು. ಕ್ಯಾಲ್ವಿನನ ಮತಕ್ಕೆ ಐದು ಅಂಗಗಳೆಂದು ಈಗ ಜನರು ಎಣಿಸುವುದು ಇದರಿಂದ ಬಂದುದು. ಐದೆಂಬ ಸಂಖ್ಯೆಯನ್ನು ಗೊತ್ತುಮಾಡಿದವರು ಸೋತ ಪಕ್ಷದವರೇ ಎಂಬುದನ್ನು ಮರೆಯಬಾರದು. ಎಳೆಯದರಲ್ಲೇ ಸತ್ತ ತಮ್ಮ ಶಿಶುಗಳ ವರಣದ ವಿಷಯದಲ್ಲಿ ಭಕ್ತರಾದ ತಂದೆತಾಯಿಗಳು ಸಂಶಯಪಡಬೇಕಾಗಿಲ್ಲವೆಂಬ ಒಂದು ವಿಧಿಯೂ ಅಲ್ಲಿದೆ. ಕಠಿನವೆಂದು ಹೆಸರಾದ ಆ ಪಂಡಿತರೂ ಮನೆಮನೆಯ ದುಃಖವನ್ನು ಬಲ್ಲವರೇ ಆಗಿದ್ದರೆಂಬುದಕ್ಕೆ ಇದು ಸಾಕ್ಷಿ.

ಇಂಗ್ಲಿಷ್ ರಾಯಭಾರಿಗೆ ಸಭೆಯ ಸಮಾಚಾರವನ್ನು ಬರೆಯುತ್ತಿದ್ದ ಜಾನ್ ಹೇಲ್ಸನ ಪತ್ರಗಳು ಈ ನಡಾವಳಿಗೆ ಒಂದು ಮುಖ್ಯವಾದ ಆಧಾರ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಲೋಕದ ಮೇಲೆ ದೇವರಿಗಿರುವ ಪ್ರೀತಿಯನ್ನು ಸಾರುವ ವಚನವನ್ನು ಎಪಿಸ್ಕೋಪಿಯಸನು ವಿವರಿಸಿದುದನ್ನು ಕೇಳಿ ಅಂದೇ ತಾನು ಕ್ಯಾಲ್ವಿನನಿಂದ ಬೀಳ್ಕೊಂಡುದಾಗಿ ಹೇಲ್ಸನು ಹೇಳುತ್ತಿದ್ದನೆಂದು ಅವನ ಸ್ನೇಹಿತನೊಬ್ಬನು ಬರೆದಿಟ್ಟಿದ್ದಾನೆ. ಪರೋಕ್ಷವಾದ ಸಾಕ್ಷ್ಯವಾದುದರಿಂದ ಇದನ್ನು ಎಚ್ಚರಿಕೆಯಿಂದಲೇ ಗ್ರಹಿಸಬೇಕು.

೭. ಪರಿಣಾಮ

ಓಲ್ಡನ್‌ಬಾರ್ನೆವೆಲ್ಟನಿಗೆ ಮರಣದಂಡನೆಯಾದುದು ಪಾಷಂಡಮತಕ್ಕಾಗಿ ಅಲ್ಲ. ರಾಜ್ಯದ್ರೋಹದ ಆರೋಪದ ಮೇಲೆ, ೨೪ ಮಂದಿ ನ್ಯಾಯಾಧೀಶರ ವಿಶೇಷಾಧಿಕರಣವು ಕೊಟ್ಟ ತೀರ್ಪಿನಿಂದ. ಆದರೆ ಧರ್ಮವಿವಾದವಿಲ್ಲದಿದ್ದರೆ ಅಂಥ ಆರೋಪಕ್ಕೆ ಅವಕಾಶವಿರುತ್ತಿರಲಿಲ್ಲ. ಗ್ರೋಷಿಯಸನಿಗೆ ಯಾವಜ್ಜೀವ ಸೆರೆಯಾಯಿತು. ೧೬೨೧ನೆಯ ಮಾರ್ಚ್ ೨೨ರಲ್ಲಿ ಅವನು ತನ್ನ ಪತ್ನಿಯ ಯುಕ್ತಿಯಿಂದ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಲೂವ್‌ಸ್ಟೈನ್ ಕೋಟೆಯಿಂದ ಪಾರಾದನು. ಇನ್ನೂರರಷ್ಟು ರೆಮಾನ್‌ಸ್ಟ್ರಂಟ್ ಪಾದ್ರಿಗಳು ಉದ್ಯೋಗವನ್ನು ಕಳೆದುಕೊಂಡರು. ಸುಮ್ಮನಿರುವೆವೆಂದು ಬರೆದುಕೊಡಲು ಒಪ್ಪದವರು ದೇಶಭ್ರಷ್ಟರಾದರು. ೧೬೨೫ರಲ್ಲಿ ಮೌರಿಟ್ಸನು ತೀರಿಹೋದ ಮೇಲೆ ಹಿಂಸೆ ಸಡಿಲಿತು. ೧೬೩೪ರಲ್ಲಿ ರೆಮಾನ್‌ಸ್ಟ್ರಂಟರು ಆಮ್ಸ್ಟರ್‌ಡ್ಯಾಮಿನಲ್ಲಿ ತಮ್ಮದೇ ಧರ್ಮವಿದ್ಯಾಶಾಲೆಯನ್ನು ತೆರೆದರು.

ಡೋರ್ಟಿನ ಸಭೆಯ ಮತ್ತೊಂದು ಕಾರ್ಯವನ್ನು ಚರಿತ್ರಕಾರರು ಪ್ರತ್ಯೇಕವಾಗಿ ಹೇಳಿಬಿಡುವುದುಂಟು. ನಮ್ಮ ವಿಷಯಕ್ಕೆ ಅದು ಅತ್ಯಂತ ಸಮೀಪದ್ದು. ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಡಚ್ ಭಾಷೆಗೆ ಹೊಸದಾಗಿ ಪರಿವರ್ತಿಸಬೇಕೆಂದು ಸಭೆ ನಿಶ್ಚಯಿಸಿತು. ಸರ್ಕಾರದ ವೆಚ್ಚದಿಂದ ೧೬೩೭ರಲ್ಲಿ ಅದು ಅಚ್ಚಾಯಿತು. ಮೂಲದ ಪಕ್ಕದಲ್ಲಿ ಅಂಚುಟಿಪ್ಪಣಿಗಳನ್ನೂ ಸೇರಿಸಿದರು. ಶಾಸ್ತ್ರವನ್ನು ಪ್ರತಿಯೊಬ್ಬನ ಕೈಗೂ ಕೊಟ್ಟುದು ಎಷ್ಟು ನಿಜವೋ, ಅದನ್ನು ಓದತಕ್ಕ ರೀತಿಯನ್ನು ಅಂಚಿನಲ್ಲಿ ಬರೆದುಕೊಟ್ಟುದೂ ಅಷ್ಟೇ ನಿಜ. ಶಾಸ್ತ್ರವೇ ಪ್ರಮಾಣವೆಂದವರೂ ವ್ಯಾಖ್ಯಾನವನ್ನು ಬಿಟ್ಟು ನಡೆಯಲಾಗಲಿಲ್ಲ.

೮. ಉಪಸಂಹಾರ

ಈ ವಿವಾದದ ಎರಡು ಧಾರೆಗಳೂ ಕಾಲಕ್ರಮದಲ್ಲಿ ಕನ್ನಡನಾಡಿಗೆ ಬಂದಿವೆ. ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ೧೮೩೧ರ ವೇಳೆಗೆ ಇಡಿಯ ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸನ ಲಂಡನ್ ಮಿಷನ್ನಿನಲ್ಲಿ ಕ್ಯಾಲ್ವಿನನ ಪರಂಪರೆಯವರು ಹೆಚ್ಚು. ೧೮೨೦ರ ದಶಕದಲ್ಲಿ ಬೆಂಗಳೂರಿನಲ್ಲಿ ಕಾಲಿಟ್ಟ ವೆಸ್ಲಿಯನ್ ಮಿಷನ್ನಾದರೋ ಜಾನ್ ವೆಸ್ಲಿಯ ಪಂಥದ್ದು. ಆ ವೆಸ್ಲಿ ೧೭೭೮ರಲ್ಲಿ ತೊಡಗಿದ ಮಾಸಪತ್ರಿಕೆಗೆ ಅರ್ಮಿನಿಯಸನ ಹೆಸರನ್ನೇ ಇಟ್ಟಿದ್ದನು. ೧೯೪೭ನೆಯ ಸೆಪ್ಟೆಂಬರ್ ೨೭ರಲ್ಲಿ ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಸ್ಥಾಪಿತವಾದಾಗ ಈ ಎರಡು ಪರಂಪರೆಯವರೂ ಆಂಗ್ಲಿಕನರೂ ಒಂದೇ ಸಭೆಯಲ್ಲಿ ಕೂಡಿಕೊಂಡರು. ೧೯೭೩ರಲ್ಲಿ ಯೂರೋಪಿನ ಲೂಥರನ್ ಮತ್ತು ಸುಧಾರಿತ ಸಭೆಗಳು ಲೊಯೆನ್‌ಬರ್ಗ್ ಒಡಂಬಡಿಕೆಯಲ್ಲಿ, ದೈವನಿಯತಿಯ ವಿಷಯವಾಗಿ ಪೂರ್ವಿಕರು ಹಾಕಿದ ಶಾಪಗಳು ಇಂದಿನ ಸಭೆಗಳಿಗೆ ತಗಲವೆಂದು ಒಪ್ಪಿದುವು. ಅರ್ಥಭೇದವು ತೀರಿತೆಂದು ಇದರ ತಾತ್ಪರ್ಯವಲ್ಲ. ಅರ್ಥಭೇದವಿದ್ದೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬಹುದೆಂಬುದು ತಾತ್ಪರ್ಯ.

ಮಧ್ವಾಚಾರ್ಯರ ಜೀವತ್ರೈವಿಧ್ಯವನ್ನು ಕೆಲವರು ಕ್ಯಾಲ್ವಿನನ ಮತಕ್ಕೆ ಹೋಲಿಸಿರುವುದುಂಟು. ಹೋಲಿಕೆ ಮೇಲುಮೇಲಿನದು. ಆಚಾರ್ಯರ ಮತದಲ್ಲಿ ಭೇದ ಜೀವರ ಅನಾದಿಸ್ವರೂಪಕ್ಕೆ ಸೇರಿದುದು. ಕ್ಯಾಲ್ವಿನನ ಮತದಲ್ಲಿ ಅದು ಸೃಷ್ಟಿಕರ್ತನ ಸಂಕಲ್ಪಕ್ಕೆ ಸೇರಿದುದು. ಅದಕ್ಕಿಂತ ಹತ್ತಿರವಾದ ಸಾದೃಶ್ಯ ಮತ್ತೊಂದಿದೆ. ಕಠೋಪನಿಷತ್ತಿನಲ್ಲಿ ವರಣದ ಮಾತು ಬರುವ ಮಂತ್ರವೊಂದುಂಟು. ಅಲ್ಲಿ ವರಿಸತಕ್ಕವನು ಸಾಧಕನೆಂದು ಶಂಕರರು ಅನ್ವಯಿಸಿದರು. ಪರಮಾತ್ಮನೆಂದು ರಾಮಾನುಜರು ಅನ್ವಯಿಸಿದರು. ಮಂತ್ರ ಒಂದೇ, ಅಕ್ಷರ ಒಂದೇ. ಕರ್ತೃಪದ ಯಾರನ್ನು ಹೇಳುತ್ತದೆಂಬುದರಲ್ಲಿ ಮಾತ್ರ ವಿವಾದ. ಆ ಎರಡು ಭಾಷ್ಯಗಳೂ ಇಂದಿಗೂ ಪಾಠಶಾಲೆಗಳಲ್ಲಿ ಅಕ್ಕಪಕ್ಕದಲ್ಲಿ ನಡೆಯುತ್ತಿವೆ. ಡೋರ್ಟಿನಲ್ಲಿ ಒಂದು ವ್ಯಾಖ್ಯಾನವು ರಾಜ್ಯದ ಕತ್ತಿಯನ್ನು ಕೈಗೆ ತೆಗೆದುಕೊಂಡಿತು. ಕತ್ತಿಯಿಂದ ವ್ಯಾಖ್ಯಾನಕಾರರನ್ನು ದೇಶದಿಂದ ಅಟ್ಟಲಾಯಿತು. ಒಂಬತ್ತನೆಯ ಅಧ್ಯಾಯದ ಪ್ರಶ್ನೆಯನ್ನು ಮಾತ್ರ ಅಟ್ಟಲಾಗಲಿಲ್ಲ.